ಅರಿಶಿನದ ಕಲೆ, ದಾಸವಾಳದ ರಕ್ತ

ಬಿಳಿ ಷರಟಿನ ಮೇಲೆ ಹುಳಿ ಚೆಲ್ಲಿ ಹಳದಿ ಕಲೆಯಾಗಿದೆ. ಅದಕ್ಕೆ ಸೋಪು ಉಜ್ಜಿದ್ದೇ ತಡ, ಕಲೆ ರಕ್ತದ ಹಾಗೆ ಕೆಂಪಾಗುತ್ತದೆ. ಲಾಲ್‌ಬಾಗಿನ ಮಗ್ಗುಲಲ್ಲಿರುವ ಸಿದ್ದಾಪುರದ ಬಟ್ಟೆ ಒಗೆಯುವ ಕಲ್ಲುಗಳಿಗೆ ಇದೇನೂ ಹೊಸದಲ್ಲ. ಹೊಸದಾಗಿ ಸಂಸಾರ ಹೂಡಿದವರು ಗಾಬರಿಯಾಗುತ್ತಾರೆ, ಹಿರಿಯರು ಮಾತ್ರ "ಬಿಸಿಲಿಗೆ ಹಾಕಮ್ಮ, ಹೋಗತ್ತೆ" ಎಂದು ಒಳಗೆ ನಡೆಯುತ್ತಾರೆ.

ಹೋಗುವುದೂ ನಿಜ. ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್. ಸೋಪಿನಂಥ ಕ್ಷಾರ ತಗುಲಿದರೆ ಅದು ಕೆಂಪಾಗುತ್ತದೆ, ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿಗೆ ಬರುತ್ತದೆ, ಬಿಸಿಲು ಬಿದ್ದರೆ ಒಡೆದು ಮಾಸುತ್ತದೆ. ಮದುವೆ ಮನೆಯಲ್ಲಿ ಹಸೆಯ ಮುಂದೆ ಎತ್ತುವ ಕೆಂಪು ಆರತಿಯ ನೀರೂ ಇದೇ ಲೆಕ್ಕ: ಅರಿಶಿನದ ನೀರಿಗೆ ಎಲೆಯಡಿಕೆ ಡಬ್ಬಿಯ ಸುಣ್ಣ ಒಂದು ಚಿಟಿಕೆ.

ರಜೆಯಲ್ಲಿ ಮನೆ ತಲೆಕೆಳಗು ಮಾಡುವ ಮಕ್ಕಳಿಗೆ ಇದನ್ನು ಆಟವಾಗಿ ಕೊಡಬಹುದು. ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಬೇಕು. ಕಡ್ಡಿಗೆ ಹತ್ತಿ ಸುತ್ತಿ, ಬಟ್ಟೆ ಸೋಪಿನ ನೀರಲ್ಲಿ ಅದ್ದಿ ಬರೆದರೆ ಅಕ್ಷರ ಕೆಂಪಗೆ ಮೂಡುತ್ತದೆ. ಮೇಲೆ ನಿಂಬೆರಸ ಸವರಿದರೆ ಅಳಿಸಿಹೋಗುತ್ತದೆ. ಸುಣ್ಣ ಮಾತ್ರ ಮಕ್ಕಳ ಕೈಗೆ ಬೇಡ. ಕಣ್ಣಿಗೆ ಬಿದ್ದರೆ ಸುಡುತ್ತದೆ.

ಇದಕ್ಕಿಂತ ನಾಟಕೀಯವಾದದ್ದು ದಾಸವಾಳ. ಕೆಂಪು ದಾಸವಾಳದ ಎಸಳನ್ನು ಚಾಕುವಿನ ಅಲಗಿಗೆ ಚೆನ್ನಾಗಿ ಉಜ್ಜಿ ಒಣಗಲು ಬಿಟ್ಟು, ಆಮೇಲೆ ನಿಂಬೆಹಣ್ಣು ಕೊಯ್ದರೆ ಕೆಂಪು ರಸ ಜಿನುಗುತ್ತದೆ. ಎಸಳಿನ ಬಣ್ಣ ಹುಳಿಗೆ ಕೆಂಪಾಗುತ್ತದೆ, ಅಷ್ಟೆ. ಅದೇ ರಸಕ್ಕೆ ಅಡುಗೆ ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ. ಇಂಥ ನಿಂಬೆಯನ್ನು ತೋರಿಸಿ "ಮಾಟ ಮಾಡಿದ್ದಾರೆ" ಎಂದು ಹೆದರಿಸಿ ದುಡ್ಡು ಕಿತ್ತವರು ನಮ್ಮ ನಾಡಿಗೆ ಹೊಸಬರಲ್ಲ. ಸಿದ್ದಾಪುರಕ್ಕೆ ದೂರವೇನಲ್ಲದ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲೆಂದೇ ಸಮಿತಿ ರಚಿಸಿದ್ದರು. ಆಗ ಎದ್ದ ಗಲಾಟೆ ಸಣ್ಣದಲ್ಲ. ಗುಟ್ಟು ಗೊತ್ತಿರುವ ಹತ್ತು ವರ್ಷದ ಹುಡುಗಿಯ ಮುಂದೆ ಆ ನಿಂಬೆಹಣ್ಣಿನ ಆಟ ನಡೆಯುವುದು ಕಷ್ಟ.

ಉಪಾಯಗಳಲ್ಲಿ ದಿನಬಳಕೆಯವೂ ಇವೆ. ಡಿಸೆಂಬರಿನ ಬೆಂಗಳೂರಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ, ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿಟ್ಟು ಕಂಬಳಿ ಹೊದಿಸಿದರಾಯಿತು. ಹುದುಗು ಬರಿಸುವ ಸೂಕ್ಷ್ಮಜೀವಿಗಳು ಚಳಿಗೆ ಮಂದವಾಗುತ್ತವೆ. ಬೋರ್‌ವೆಲ್ ನೀರಿಂದ ನಲ್ಲಿಯ ಮೂತಿಗೆ ಕಟ್ಟಿದ ಬಿಳಿ ಹಕ್ಕಳೆ ಬಹುಪಾಲು ಸುಣ್ಣದ ಅಂಶ. ಹಿಂಡಿದ ನಿಂಬೆ ಹೋಳನ್ನು ಅದಕ್ಕೆ ಅರ್ಧ ಗಂಟೆ ಕಟ್ಟಿಟ್ಟರೆ ಕರಗುತ್ತ ಬರುತ್ತದೆ.

ಎಲ್ಲ ಉಪಾಯವೂ ಒಳ್ಳೆಯದಲ್ಲ. ಬಚ್ಚಲು ಬೆಳ್ಳಗಾಗಲೆಂದು ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬಳಿಯುವುದೂ ತಪ್ಪು. ಇಪ್ಪತ್ತು ನಿಮಿಷ ನಲ್ಲಿ ನೀರಿನಡಿ ಹಿಡಿಯಬೇಕು.

ಇನ್ನು ಒಂದರೊಳಗೊಂದು ಸಿಕ್ಕಿಕೊಂಡ ಕಾಫಿ ಲೋಟಗಳು. ಕುಟ್ಟಿ ಸೊಟ್ಟಗೆ ಮಾಡುವುದು ಬೇಡ. ಒಳಗಿನ ಲೋಟಕ್ಕೆ ಫ್ರಿಜ್ಜಿನ ನೀರು ತುಂಬಿ, ಹೊರಗಿನದನ್ನು ಬಿಸಿನೀರಲ್ಲಿ ಇಳಿಸಿದರೆ ಒಂದು ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಒಂದು ನಿಮಿಷ ಬಿಟ್ಟು ಮೆಲ್ಲಗೆ ತಿರುಗಿಸಿದರೆ ಟಕ್ಕೆಂದು ಬಿಟ್ಟುಕೊಳ್ಳುತ್ತವೆ.