ಬೆಳಕಿನ ಸೂತ್ರ

ನಮ್ಮ ಬಡಗಿಯು ದಿಮ್ಮಿಯನ್ನು ಕೊಯ್ಯುವುದಕ್ಕೆ ಮುನ್ನ ಬಣ್ಣದಲ್ಲಿ ಅದ್ದಿದ ನೂಲನ್ನು ಅದರ ಎರಡು ತುದಿಗಳಿಗೂ ಬಿಗಿಹಿಡಿದು ನಡುವೆ ಮೀಟಿ ಬಿಡುವುದನ್ನು ಓದುಗರು ಕಂಡಿರಬಹುದು. ನೂಲು ಮರಕ್ಕೆ ಬಡಿದು ನೆಟ್ಟನೆಯ ಗೆರೆಯೊಂದು ಮೂಡುತ್ತದೆ. ಗರಗಸವು ಆ ಗೆರೆಯನ್ನು ಅನುಸರಿಸಿ ನಡೆಯುತ್ತದೆ. ಸಂಸ್ಕೃತದಲ್ಲಿ ನೂಲಿಗೆ ಸೂತ್ರವೆಂದು ಹೆಸರು. ಸೂತ್ರಧಾರನೆಂದರೆ ನಾಟಕವನ್ನು ನಡಸುವವನು ಮಾತ್ರವಲ್ಲ; ನೂಲು ಹಿಡಿದು ಕೆಲಸಮಾಡುವ ಬಡಗಿಗೂ ಶಿಲ್ಪಿಗೂ ಆ ಹೆಸರು ಸಲ್ಲುತ್ತದೆ. ಈಗ ದೊಡ್ಡ ಕಾರ್ಖಾನೆಗಳಲ್ಲಿ ಆ ನೂಲಿನ ಸ್ಥಾನಕ್ಕೆ ಬೆಳಕು ಬಂದಿದೆ. ಅದು ಹೇಗೆ ಬಂದಿತು, ಅದರಿಂದ ಕೆಲಸಗಾರನಿಗಾದ ಉಪಕಾರವೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡುವೆವು.

ಮೊದಲು ಈ ಬೆಳಕು ಏತಕ್ಕೆ ಬೇಕಾಯಿತೆಂಬುದನ್ನು ತಿಳಿಯಬೇಕು. ವಿಮಾನದ ಮೈಯನ್ನು ಬಹುಕಾಲ ಅಲ್ಯೂಮಿನಿಯಂ ತಗಡಿನಿಂದಲೇ ಕಟ್ಟುತ್ತಿದ್ದರು. ಈಚಿನ ದಶಕಗಳಲ್ಲಿ, ಇಂಗಾಲದ ನವುರಾದ ಎಳೆಗಳನ್ನು ಅಂಟಿನಲ್ಲಿ ನೆನಸಿ ಮಾಡಿದ ಪದಾರ್ಥವು ಆ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. 2009ನೆಯ ಇಸವಿ ಡಿಸೆಂಬರ್ 15ರಂದು ಮೊದಲು ಹಾರಿದ ಅಮೆರಿಕದ ಬೋಯಿಂಗ್ 787 ವಿಮಾನದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಥ ಪದಾರ್ಥವೇ. ನಮ್ಮ ಬೆಂಗಳೂರಿನಲ್ಲಿ 2001ನೆಯ ಜನವರಿ 4ರಂದು ಮೊದಲು ಹಾರಿ, ಮುಂದೆ ತೇಜಸ್ ಎಂದು ಹೆಸರು ಪಡೆದ ಯುದ್ಧವಿಮಾನದಲ್ಲಿಯೂ ಇದರ ಪಾಲು ದೊಡ್ಡದು. ಎಳೆಯ ಸ್ವಭಾವವು ಬಿದಿರಿನ ಸ್ವಭಾವದಂತೆ: ಉದ್ದಕ್ಕೆ ಎಳೆದರೆ ಜಗ್ಗದು, ಸೀಳಹೊರಟರೆ ಸುಲಭವಾಗಿ ಸೀಳುತ್ತದೆ. ಆದುದರಿಂದ ಎಳೆಗಳೆಲ್ಲ ಒಂದೇ ದಿಕ್ಕಿಗಿರುವ ತೆಳುವಾದ ಹಾಳೆಗಳನ್ನು ಒಂದು ನೇರಕ್ಕೆ, ಇನ್ನೊಂದು 45 ಡಿಗ್ರಿ ಓರೆಗೆ, ಮತ್ತೊಂದು ಅಡ್ಡಕ್ಕೆ, ಹೀಗೆ ಗೊತ್ತಾದ ಕ್ರಮದಲ್ಲಿ ಅಚ್ಚಿನ ಮೇಲೆ ಪದರಪದರವಾಗಿ ಹಾಸುತ್ತಾರೆ. ಹಾಳೆಯ ದಪ್ಪವು ಎಷ್ಟೋ ವೇಳೆ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿಗಿಂತಲೂ ಕಡಮೆ. ಬಳಿಕ ಒತ್ತಡವುಳ್ಳ ದೊಡ್ಡ ಒಲೆಯಲ್ಲಿ, ಸಾಮಾನ್ಯವಾಗಿ 180 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖದಲ್ಲಿ ಬೇಯಿಸಿದರೆ ಅಂಟು ಗಟ್ಟಿಗೊಂಡು ಪದರಗಳೆಲ್ಲ ಏಕವಾಗುತ್ತವೆ. ಹಾಗೆ ಬೆಂದ ಮೇಲೆ, ಒಳಗಿನ ಹದಿನೇಳನೆಯ ಪದರವು ಓರೆಯಾಗಿದ್ದರೆ ಹೊರಗಣ ಕಣ್ಣಿಗೆ ಕಾಣದು. ಬಿಚ್ಚಿ ಸರಿಪಡಿಸುವಂತೆಯೂ ಇಲ್ಲ. ಆಕಾಶದಲ್ಲಿ ನೂರಾರು ಜನರನ್ನು ಹೊತ್ತೊಯ್ಯುವ ವಸ್ತುವಿನಲ್ಲಿ ಅಡಗಿದ ಇಂಥ ದೋಷವು ಎಷ್ಟು ಭಯಂಕರವಾದುದೆಂದು ಹೇಳಬೇಕಾದುದಿಲ್ಲ.

ಪದರಗಳ ವಿಷಯದಲ್ಲಿ ಈ ಎಚ್ಚರವು ನಮ್ಮ ಪೂರ್ವಿಕರಿಗೂ ಅಪರಿಚಿತವಾದುದಲ್ಲ. ಶುಲ್ಬವೆಂದರೆ ಹಗ್ಗ, ಯಜ್ಞವೇದಿಯನ್ನು ಹಗ್ಗದಿಂದ ಅಳೆದು ಕಟ್ಟುವ ಕ್ರಮವನ್ನು ಬೌಧಾಯನಾದಿಗಳ ಶುಲ್ಬಸೂತ್ರಗಳು ವಿಧಿಸುತ್ತವೆ. ಗಿಡುಗನ ಆಕಾರದ ಶ್ಯೇನಚಿತಿಗೆ ಐದು ಪದರಗಳು, ಪದರಕ್ಕೆ ಇನ್ನೂರು ಇಟ್ಟಿಗೆಗಳು. ಕೆಳಗಿನ ಪದರದ ಸಂದಿಯ ಮೇಲೆಯೇ ಮೇಲಿನ ಪದರದ ಸಂದಿಯು ಬೀಳಕೂಡದೆಂಬುದು ನಿಯಮ. ವಿಮಾನದ ಹಾಳೆಗಳನ್ನು ಹಾಸುವವರಿಗೂ ಇದೇ ನಿಯಮವಿದೆ. ಇದರಿಂದ ಪೂರ್ವಿಕರು ವಿಮಾನ ಕಟ್ಟಿದ್ದರೆಂದು ಯಾರೂ ಊಹಿಸಬಾರದು. ಪದರಗಳಿಂದ ಗಟ್ಟಿಯಾದ ವಸ್ತುವನ್ನು ಕಟ್ಟಹೊರಟವರಿಗೆಲ್ಲ ಒಂದೇ ತೊಡಕು ಎದುರಾಗುತ್ತದೆಂಬುದಷ್ಟೇ ನಮ್ಮ ಅಭಿಪ್ರಾಯ.

ದೊಡ್ಡ ಭಾಗಗಳ ಮೇಲೆ ಹಾಳೆಯನ್ನು ಹಾಸುವುದಕ್ಕೆ ಯಂತ್ರಗಳು ಬಂದಿದ್ದರೂ, ಸಣ್ಣ ಭಾಗಗಳನ್ನೂ ಡೊಂಕಾದವುಗಳನ್ನೂ ಇಂದಿಗೂ ಅನೇಕ ಕಡೆ ಕೈಯಿಂದಲೇ ಹಾಸುತ್ತಾರೆ. ಹಿಂದೆ ಇದಕ್ಕಾಗಿ ಒಂದೊಂದು ಪದರಕ್ಕೂ ಪ್ಲಾಸ್ಟಿಕ್ಕಿನ ಮಾದರಿಹಾಳೆಯನ್ನು ಕತ್ತರಿಸಿ, ಅಚ್ಚಿನ ಮೇಲಿಟ್ಟು, ಅಂಚಿನ ಗುರುತು ಮಾಡಿಕೊಂಡು, ಆಮೇಲೆ ನಿಜವಾದ ಹಾಳೆಯನ್ನು ಕೂರಿಸುತ್ತಿದ್ದರು. ದರ್ಜಿಯು ಕಾಗದದ ಮಾದರಿಯನ್ನಿಟ್ಟು ಬಟ್ಟೆಗೆ ಗುರುತು ಹಾಕುವಂತೆ. ಮಾದರಿಗಳು ಸವೆಯುತ್ತಿದ್ದವು, ನಕ್ಷೆಯು ಬದಲಾದಾಗ ಹೊಸವು ಬೇಕಾಗುತ್ತಿದ್ದವು. ಅದರ ಮೇಲೆ, ಅಂಟಿನ ಹಾಳೆಯನ್ನು ಶೂನ್ಯಕ್ಕಿಂತ ಕೆಳಗಿನ ಶೈತ್ಯದಲ್ಲಿ ಕಾದಿರಿಸಬೇಕು. ಹೊರಗೆ ತೆಗೆದೊಡನೆ ಅದರ ಆಯುಷ್ಯದ ಲೆಕ್ಕ ಮೊದಲಾಗುತ್ತದೆ. ಗುರುತು ಹಾಕುವುದರಲ್ಲಿಯೇ ಹೊತ್ತು ಕಳೆದರೆ ಪದಾರ್ಥವೇ ಕೆಡುವ ಅಪಾಯವುಂಟು.

ಈ ಕಷ್ಟಕ್ಕೆ ಪರಿಹಾರವಾಗಿ ಬಂದುದೇ ಲೇಸರ್ ಎಂಬ ಬೆಳಕು. 1960ನೆಯ ಮೇ 16ರಂದು ಕ್ಯಾಲಿಫೋರ್ನಿಯಾದ ಮ್ಯಾಲಿಬು ಎಂಬಲ್ಲಿ ಥಿಯೋಡೋರ್ ಮೈಮನ್ ಎಂಬ ವಿಜ್ಞಾನಿಯು ಕೃತಕ ಮಾಣಿಕ್ಯದ ಕಂಬಿಯಿಂದ ಇದನ್ನು ಮೊಟ್ಟಮೊದಲು ಹೊರಡಿಸಿದನು. ದೀಪದ ಬೆಳಕು ಹೊರಟ ಕೂಡಲೆ ನಾನಾ ಕಡೆಗೆ ಚೆದರುತ್ತದೆ. ಲೇಸರ್ ಬೆಳಕು ಬಹುದೂರ ನೂಲಿನಂತೆ ತೆಳ್ಳಗೆ ಸಾಗುತ್ತದೆ. ಮನುಷ್ಯನ ಕಣ್ಣು ಹಸುರಿಗೆ ಹೆಚ್ಚು ಸೂಕ್ಷ್ಮವಾದುದರಿಂದ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಹಸುರು ಕಿರಣವನ್ನೇ ಬಳಸುತ್ತಾರೆ.

ಆದರೆ ಒಂದು ಕಿರಣವು ಬಿದ್ದಲ್ಲಿ ಒಂದು ಚುಕ್ಕಿ ಮಾತ್ರ ಮೂಡುವುದಷ್ಟೆ. ಗೆರೆ ಮೂಡುವುದು ಹೇಗೆ? ಯಂತ್ರದೊಳಗೆ ಎರಡು ಪುಟ್ಟ ಕನ್ನಡಿಗಳಿವೆ. ಒಂದು ಕಿರಣವನ್ನು ಎಡಬಲಕ್ಕೂ ಇನ್ನೊಂದು ಹಿಂದುಮುಂದಕ್ಕೂ ತಿರುಗಿಸುತ್ತದೆ. ವಿದ್ಯುತ್ತಿನಿಂದ ಕನ್ನಡಿಯನ್ನು ಅಲುಗಿಸುವ ಈ ಉಪಾಯವು ಹಳೆಯದು: ಅಟ್ಲಾಂಟಿಕ್ ಸಾಗರದ ತಳದ ತಂತಿಯಲ್ಲಿ ಬರುತ್ತಿದ್ದ ಕ್ಷೀಣವಾದ ಸಂಕೇತಗಳನ್ನು ಓದುವುದಕ್ಕೆ ವಿಲಿಯಂ ಥಾಮ್ಸನ್ನನು 1858ರಲ್ಲಿ ಇಂಥ ಕನ್ನಡಿಯನ್ನೇ ಬಳಸಿದನು. ಈಗಿನ ಕನ್ನಡಿಗಳು ಕಂಪ್ಯೂಟರಿನ ಆಜ್ಞೆಯಂತೆ ಅಲುಗಿ, ಆ ಚುಕ್ಕಿಯನ್ನು ಒಂದೇ ಆಕಾರದ ಅಂಚಿನ ಮೇಲೆ ಕ್ಷಣಕ್ಕೆ ಹಲವು ಸಲ ಓಡಿಸುತ್ತವೆ. ಕತ್ತಲಲ್ಲಿ ಕೊಳ್ಳಿಯನ್ನು ಬೀಸಿದರೆ ಬೆಂಕಿಯ ಬಳೆಯೇ ಕಾಣುವುದಷ್ಟೆ. ಶಾಸ್ತ್ರಗಳಲ್ಲಿ ಅಲಾತಚಕ್ರವೆಂಬ ದೃಷ್ಟಾಂತಕ್ಕೆ ಅದೇ ಆಧಾರ. ಕಾರ್ಖಾನೆಯ ಗೆರೆಯೂ ಅಲಾತಚಕ್ರವೇ. ಆಕಾರವು ತೀರ ಉದ್ದವಾಗಿದ್ದರೆ ಚುಕ್ಕಿಯು ಸುತ್ತಿ ಬರುವುದು ತಡವಾಗಿ ಗೆರೆಯು ಮಿಣುಕತೊಡಗುತ್ತದೆ.

ಗೆರೆಯು ಸರಿಯಾದ ಜಾಗಕ್ಕೇ ಬೀಳುವುದು ಹೇಗೆ? ಇದೇ ಈ ವಿದ್ಯೆಯ ತಿರುಳು. ರಂಗವಲ್ಲಿಯಲ್ಲಿ ಚುಕ್ಕಿಗಳನ್ನಿಟ್ಟು ಆಮೇಲೆ ಎಳೆಗಳನ್ನೆಳೆಯುವಂತೆ, ಇಲ್ಲಿಯೂ ಅಚ್ಚಿನ ಅಂಚಿನಲ್ಲಿ ಗೊತ್ತಾದ ಸ್ಥಾನಗಳಲ್ಲಿ ನಾಲ್ಕಾರು ಹೊಳೆಯುವ ಗುಂಡಿಗಳನ್ನಿಡುತ್ತಾರೆ. ಮೇಲೆ ತೂಗುಹಾಕಿದ ಯಂತ್ರವು ತನ್ನ ಕಿರಣದಿಂದ ಒಂದೊಂದನ್ನೂ ಹುಡುಕುತ್ತದೆ. ಗುಂಡಿಯಿಂದ ಬೆಳಕು ಹಿಂದಿರುಗಿ ಬಂದ ಕೋನಗಳಿಂದ, ಅಚ್ಚಿಗೂ ತನಗೂ ಇರುವ ಸಂಬಂಧವನ್ನು ಲೆಕ್ಕಹಾಕುತ್ತದೆ. ಲೆಕ್ಕವು ಸರಿಯಾಗಿದ್ದರೆ, ಕೆಲವು ಮೀಟರುಗಳ ಎತ್ತರದಿಂದ ಬಿಟ್ಟ ಗೆರೆಯೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ತಪ್ಪುವುದಿಲ್ಲ. ಕೆಲಸಗಾರನ ಎರಡು ಕೈಗಳೂ ಬಿಡುವಾಗಿರುತ್ತವೆ. ಹಾಳೆಯನ್ನು ಬೆಳಕಿನ ಅಂಚಿಗೆ ಕೂರಿಸಿ, ಒತ್ತಿ, ಗುಂಡಿಯನ್ನು ಅದುಮಿದರೆ ಮುಂದಿನ ಪದರದ ಗೆರೆಯು ಮೂಡುತ್ತದೆ.

ಇದು ವಿಮಾನಕ್ಕೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಅಮೆರಿಕ, ಕೆನಡಾಗಳಲ್ಲಿ ಮರದ ಮನೆಗಳ ಛಾವಣಿಯ ಚೌಕಟ್ಟುಗಳನ್ನು ದೊಡ್ಡ ಮೇಜುಗಳ ಮೇಲೆ ಜೋಡಿಸುವಾಗ, ಯಾವ ಮರದ ತುಂಡು ಎಲ್ಲಿಗೆ ಎಂಬುದನ್ನು ಬೆಳಕೇ ತೋರಿಸುತ್ತದೆ. ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಯಂತ್ರಗಳ ಅಲಗುಗಳಲ್ಲಿ ಕೆಲವು ಈಗ ನೂರು ಮೀಟರಿಗೂ ಉದ್ದವಾಗಿವೆ. ಅಂಥ ಉದ್ದದ ಕೆಲಸಕ್ಕೆ ಒಂದು ಯಂತ್ರವು ಸಾಲದೆ ಹಲವನ್ನು ಸಾಲಾಗಿ ತೂಗುಹಾಕುತ್ತಾರೆ.

ಇಷ್ಟು ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ನ್ಯಾಯ. ಗುಂಡಿಯೊಂದನ್ನು ತಪ್ಪಾದ ಸ್ಥಾನದಲ್ಲಿಟ್ಟರೆ, ಅಥವಾ ತಿದ್ದುಪಡಿಗೆ ಮೊದಲಿನ ಹಳೆಯ ನಕ್ಷೆಯನ್ನೇ ಯಂತ್ರಕ್ಕೆ ಕೊಟ್ಟರೆ, ತಪ್ಪುಗೆರೆಯೂ ಸರಿಯಾದ ಗೆರೆಯಷ್ಟೇ ಸ್ಪಷ್ಟವಾಗಿ ಹೊಳೆಯಬಲ್ಲುದು. ಕೆಲಸದ ನಡುವೆ ಅಚ್ಚಿಗೆ ಯಾರದೋ ಕಾಲು ತಗುಲಿ ಅದು ತುಸು ಸರಿದರೂ ಹಾಗೆಯೇ. ಗುಂಡಿಗಳನ್ನು ಮತ್ತೆ ಹುಡುಕಿಸಬೇಕು. ಬಾಗಿ ಕೆಲಸಮಾಡುವವನ ತಲೆಯೇ ಕಿರಣಕ್ಕೆ ಅಡ್ಡಬಂದು ಗೆರೆಯು ತುಂಡಾಗುವುದೂ ಉಂಟು. ಹಾಳೆಯ ಬೆನ್ನಿನ ಕಾಗದವನ್ನು ಸುಲಿದಿದೆಯೆ, ಪದರದಡಿಯಲ್ಲಿ ಸುಕ್ಕೋ ಗಾಳಿಯೋ ಉಳಿದಿದೆಯೆ ಎಂಬುದು ಗೆರೆಗೆ ತಿಳಿಯದು. ಈಚಿನ ಯಂತ್ರಗಳಲ್ಲಿ ಕೆಲವಕ್ಕೆ ಕ್ಯಾಮರವನ್ನು ಸೇರಿಸಿ ಪ್ರತಿಯೊಂದು ಪದರವನ್ನೂ ಪರೀಕ್ಷಿಸುವ ಏರ್ಪಾಟು ಬಂದಿದೆ. ಅದು ಒಳ್ಳೆಯದೇ, ಆದರೂ ಬೆರಳ ತುದಿಯಿಂದ ಸುಕ್ಕನ್ನು ಅರಿಯುವ ಅನುಭವಸ್ಥನ ಬೆಲೆಯು ಅದರಿಂದ ಕುಂದಲಿಲ್ಲ.

ಈ ಬೆಳಕು ಬಂದ ಮೇಲೆ ಕುಶಲಿಯಾದ ಕೆಲಸಗಾರನೇ ಬೇಡವಾಗುವನೆಂದು ಕೆಲವರು ಭಯಪಡುತ್ತಾರೆ. ಹೊಸಬನೊಬ್ಬನು ಹಿಂದಿಗಿಂತ ಬೇಗನೆ ಕೆಲಸಕ್ಕೆ ಇಳಿಯಬಹುದೆಂಬುದು ನಿಜ. ನಮಗೆ ತೋರುವ ಮಟ್ಟಿಗೆ, ಬೆಳಕು ತೆಗೆದುಕೊಂಡುದು ಅಳತೆಯ ಶ್ರಮವನ್ನು ಮತ್ತು ನೆನಪಿನ ಭಾರವನ್ನು. ಕೈಯ ಹದವನ್ನಾಗಲಿ ವಿವೇಕವನ್ನಾಗಲಿ ಅಲ್ಲ. ಬಹುಕಾಲ ಪಾಠಹೇಳಿದ ನಮಗೆ ಇಲ್ಲಿ ಒಂದು ವಿಷಯವು ನೆನಪಾಗುತ್ತದೆ. ಉಪಾಧ್ಯಾಯನು ಬರೆದ ಅಕ್ಷರದ ಮೇಲೆ ಮಗುವು ಬೆರಳಾಡಿಸಿ ತಿದ್ದುತ್ತದೆ. ತಿದ್ದದೆ ಅಕ್ಷರವು ಬಾರದು. ಆದರೆ ಎಂದೆಂದಿಗೂ ತಿದ್ದುತ್ತಲೇ ಇರುವ ಮಗುವಿಗೆ ಓದು ಬರುವುದಿಲ್ಲ. ಆ ಅಕ್ಷರದ ಉಚ್ಚಾರವೇನು, ಇದೇಕೆ ಹೀಗಿದೆ ಎಂದು ಜೊತೆಯಲ್ಲಿಯೇ ಕಲಿಸಬೇಕು. ಬೆಳಕಿನ ಗೆರೆಯ ಮೇಲೆ ಹಾಳೆಯನ್ನಿಡುವ ತರುಣನಿಗೂ ಈ ಪದರವು 45 ಡಿಗ್ರಿಗೆ ಏಕಿದೆ, ತಪ್ಪಿದರೆ ಏನಾಗುತ್ತದೆ ಎಂದು ತಿಳಿದಿರಬೇಕು. ಹಾಗೆ ತಿಳಿದವನು ಮಾತ್ರ, ಗೆರೆಯು ಎಷ್ಟೇ ಪ್ರಕಾಶಮಾನವಾಗಿದ್ದರೂ, "ಇದು ಸರಿಯಿಲ್ಲ, ತಡೆಯಿರಿ" ಎನ್ನಬಲ್ಲನು.

ಈ ಕಾಲದಲ್ಲಿ ನಮ್ಮ ಮನೆಗಳ ಮಕ್ಕಳು, ಗಂಡುಹೆಣ್ಣೆಂಬ ಭೇದವಿಲ್ಲದೆ, ಇಂಥ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಸಂಬಳವೆಷ್ಟು, ಊಟವಸತಿ ಹೇಗೆ ಎಂದು ಹಿರಿಯರು ವಿಚಾರಿಸುವುದು ಸಹಜ. ಅದರೊಡನೆ, "ನಿನಗೆ ಅಲ್ಲಿ ಕಾರಣವನ್ನೂ ಹೇಳಿಕೊಡುತ್ತಾರೆಯೆ? ತಪ್ಪು ಕಂಡರೆ ಕೆಲಸವನ್ನು ನಿಲ್ಲಿಸುವ ಅಧಿಕಾರವು ನಿನಗುಂಟೆ?" ಎಂದೂ ಕೇಳಬೇಕೆಂದು ನಮ್ಮ ಬಿನ್ನಹ. ಆ ಪದರಗಳನ್ನು ನಂಬಿ ಹಾರುವವರು ನಮ್ಮವರೇ ಅಲ್ಲವೆ?