ಕಪ್ಪು ಬಣ್ಣದಡಿಯ ಚಿತ್ರಗಳು

1978ರಲ್ಲಿ ಜಪಾನಿನ ಟೈಟೊ ಕಂಪನಿಯ ‘ಸ್ಪೇಸ್ ಇನ್ವೇಡರ್ಸ್’ ಬಂದಾಗ ಅದರ ಪರದೆ ಕಪ್ಪು-ಬಿಳುಪಿನದು. ಅದರ ಮೇಲೆ ಬಣ್ಣದ ಪಾರದರ್ಶಕ ಹಾಳೆಯ ಪಟ್ಟಿಗಳನ್ನು ಅಂಟಿಸುತ್ತಿದ್ದರು. ಕೆಳಗಿನ ತೋಪು ಹಸಿರಾಗಿ ಕಾಣುತ್ತಿದ್ದುದು ಅದರಿಂದ. ಎರಡು ವರ್ಷ ಮೊದಲು ಅಟಾರಿಯ ‘ಬ್ರೇಕ್‌ಔಟ್’ ಆಟದ ಇಟ್ಟಿಗೆಗಳಿಗೂ ಹೀಗೆಯೇ ಬಣ್ಣ ಬಂದಿತ್ತು. ಅಮೆರಿಕದಲ್ಲಿ ‘ಸ್ಪೇಸ್ ಇನ್ವೇಡರ್ಸ್’ಗಾಗಿ ಮಿಡ್ವೇ ಕಂಪನಿ ತಯಾರಿಸಿದ ಪೆಟ್ಟಿಗೆಯೊಳಗೆ ಚಂದ್ರನ ನೆಲದ ಚಿತ್ರವೊಂದಿತ್ತು. ಅರೆಪಾರದರ್ಶಕ ಕನ್ನಡಿಯೊಂದು ಪರದೆಯ ಬಿಂಬವನ್ನು ಆ ಚಿತ್ರದ ಮೇಲೆ ತೇಲಿಸುತ್ತಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಮೈತುಂಬ ಕೂದಲಿನ ದೈತ್ಯರು. ಪರದೆಯೊಳಗೆ ಅವರ ಸುಳಿವೂ ಇಲ್ಲ, ಇದ್ದದ್ದು ಏಡಿ-ಆಕ್ಟೋಪಸ್ ಆಕಾರದ ಚುಕ್ಕಿಗಳ ಗುಂಪು. ಕಂಪ್ಯೂಟರಿಗೆ ಬಿಡಿಸಲು ಬಾರದ್ದನ್ನು ಚಿತ್ರಕಾರರು ಬಿಡಿಸುತ್ತಿದ್ದರು. ಆದ್ದರಿಂದ ಹಳೆಯ ಆರ್ಕೇಡ್ ಯಂತ್ರದ ಸರ್ಕಿಟ್ ಬೋರ್ಡನ್ನಷ್ಟೇ ರಿಪೇರಿ ಮಾಡಿದರೆ ಆಟದ ಅರ್ಧ ಭಾಗ ಮಾತ್ರ ಉಳಿದಂತೆ ಎಂದು ನಾನು ನಂಬಿದ್ದೇನೆ.

ಇನ್ನರ್ಧ ಭಾಗ ಪೆಟ್ಟಿಗೆಯ ಮೈಮೇಲೆ ಹರಡಿಕೊಂಡಿದೆ. ತಲೆಯ ಮೇಲೆ, ಟ್ಯೂಬ್‌ಲೈಟಿನ ಮುಂದೆ ಹೊಳೆಯುವ ಹೆಸರಿನ ಫಲಕ, ಅಂದರೆ ಮಾರ್ಕೀ. ಪರದೆಯ ಸುತ್ತ ಬೆಝೆಲ್ ಎನ್ನುವ ಚೌಕಟ್ಟು. ಜಾಯ್‌ಸ್ಟಿಕ್ ಮತ್ತು ಬಟನ್‌ಗಳ ಅಡಿಯಲ್ಲಿ ಕಂಟ್ರೋಲ್ ಪ್ಯಾನಲ್ಲಿನ ಹೊದಿಕೆ. ಎರಡೂ ಪಕ್ಕಗಳಲ್ಲಿ ದೊಡ್ಡ ಚಿತ್ರ. ಮಿಡ್ವೇಯ ‘ಪ್ಯಾಕ್-ಮ್ಯಾನ್’ (1980) ಪೆಟ್ಟಿಗೆಯಲ್ಲಿ ಈ ಪಕ್ಕದ ಚಿತ್ರ ಸ್ಟಿಕ್ಕರೂ ಅಲ್ಲ, ಹಳದಿ ಬಣ್ಣದ ಮೇಲೆ ಕೊರೆದ ಅಚ್ಚು ಇಟ್ಟು ಒಂದೊಂದಾಗಿ ಬಣ್ಣ ಸಿಂಪಡಿಸಿದ್ದು. ಆಟದಲ್ಲಿ ಬರೀ ಬಾಯಿಯಾಗಿದ್ದ ಪ್ಯಾಕ್-ಮ್ಯಾನ್‌ಗೆ ಅಲ್ಲಿ ಕಣ್ಣೂ ಕಾಲೂ ಬಂದವು.

ಈ ಚಿತ್ರಗಳು ಬಹುಕಾಲ ಬಾಳಲೆಂದು ಯಾರೂ ಮಾಡಿರಲಿಲ್ಲ. ಯಂತ್ರ ನಾಣ್ಯ ತರುವಷ್ಟು ದಿನ ಗಿರಾಕಿಯನ್ನು ಕರೆದರೆ ಸಾಕಿತ್ತು. ಆಟ ಓಡದಿದ್ದರೆ ಚಿತ್ರವನ್ನೂ ಬದಲಿಸುವುದು ಆಗಲೇ ವಾಡಿಕೆ. 1981ರಲ್ಲಿ ನಿಂಟೆಂಡೊದ ‘ರಾಡಾರ್ ಸ್ಕೋಪ್’ ಅಮೆರಿಕದಲ್ಲಿ ಸೋತಾಗ, ಮಾರಾಟವಾಗದೆ ಉಳಿದ ಸುಮಾರು 2,000 ಪೆಟ್ಟಿಗೆಗಳಿಗೆ ಹೊಸ ಬೋರ್ಡು, ಹೊಸ ಚಿತ್ರ ಹಾಕಿ ‘ಡಾಂಕಿ ಕಾಂಗ್’ ಮಾಡಿದರು. ಮೊದಮೊದಲ ಆ ಕೆಂಪು ಪೆಟ್ಟಿಗೆಗಳಿಗಾಗಿ ಇಂದು ಸಂಗ್ರಾಹಕರು ಹುಡುಕಾಡುತ್ತಾರೆ; ಆಮೇಲೆ ಬಂದವು ನೀಲಿ. 1983ರ ಹೊತ್ತಿಗೆ ಅಮೆರಿಕದ ವಿಡಿಯೊ ಗೇಮ್ ವ್ಯಾಪಾರ ಕುಸಿಯಿತು. ಹೊಸ ಯಂತ್ರ ಕೊಳ್ಳುವ ಬದಲು ಹಳೆಯದಕ್ಕೇ ಹೊಸ ಆಟ ತುಂಬುವುದು ಅಗ್ಗವಾಯಿತು. 1985ರಲ್ಲಿ ಜಪಾನಿನ ತಯಾರಕರ ಸಂಘ ‘ಜಾಮಾ’ ಹೆಸರಿನ ವೈರಿಂಗ್ ಮಾನದಂಡ ತಂದ ಮೇಲೆ ಬೋರ್ಡು ಬದಲಿಸುವುದು ಇನ್ನೂ ಸುಲಭ. ಪಕ್ಕದ ಚಿತ್ರಗಳ ಮೇಲೆ ಕಪ್ಪು ಪೇಂಟ್ ಬಿತ್ತು.

ಆ ಪೇಂಟ್ ಹಲವು ಚಿತ್ರಗಳನ್ನು ಬಿಸಿಲಿನಿಂದ ಕಾಪಾಡಿತು. ಅವನ್ನು ಮತ್ತೆ ಹೊರತೆಗೆಯಲು, ಕಪ್ಪು ಪದರವನ್ನಷ್ಟೇ ಕರಗಿಸಿ ಅಡಿಯ ಶಾಯಿಯನ್ನು ಮುಟ್ಟದ ದ್ರಾವಣ ಯಾವುದೆಂದು ಮೊದಲು ಮೂಲೆಯೊಂದರಲ್ಲಿ ಪರೀಕ್ಷಿಸಿ, ಆಮೇಲೆ ಅಂಗುಲ ಅಂಗುಲವಾಗಿ ಒರೆಸುತ್ತಾ ಹೋಗಬೇಕು. ಚಿತ್ರ ಸಿಕ್ಕಿತೆಂದರೆ ಅದನ್ನು ಉಳಿಸಿಕೊಳ್ಳಲೇಬೇಕು, ಗೀರಿದ್ದರೂ ಸರಿ. ಆದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಉಳಿಯುವುದು ತೇವಕ್ಕೆ ಊದಿಕೊಂಡ ಪಾರ್ಟಿಕಲ್ ಬೋರ್ಡ್, ಸಿಗರೇಟು ಸುಟ್ಟ ಕಲೆಗಳ ಕಂಟ್ರೋಲ್ ಪ್ಯಾನಲ್, ಹಿಂಬದಿಯ ಶಾಯಿ ಹಕ್ಕಳೆ ಎದ್ದು ಉದುರಿದ ಗಾಜು. ಆಗ ಮರುಮುದ್ರಣ ಬಿಟ್ಟು ಬೇರೆ ದಾರಿಯಿಲ್ಲ.

1997ರ ಫೆಬ್ರುವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಎಂಬ ತಂತ್ರಾಂಶ ಬಿಡುಗಡೆ ಮಾಡಿದ. ಹಳೆಯ ಆರ್ಕೇಡ್ ಆಟಗಳು ಮನೆಯ ಕಂಪ್ಯೂಟರಿನಲ್ಲಿ ಓಡತೊಡಗಿದವು. ಆಟ ಸಿಕ್ಕವರಿಗೆ ಪೆಟ್ಟಿಗೆಯೂ ಬೇಕೆನಿಸಿತು. ಗ್ಯಾರೇಜುಗಳಲ್ಲಿ ಹಳೆಯವು ರಿಪೇರಿಯಾದವು, ಹೊಸವು ಎದ್ದವು. ಚಿತ್ರಗಳಿಗೆ ಬೇಡಿಕೆ ಹುಟ್ಟಿತು.

ಕೆಲಸ ಶುರುವಾಗುವುದು ಸ್ಕ್ಯಾನರಿನಿಂದ. ಪಕ್ಕದ ಚಿತ್ರ ಆಳೆತ್ತರದ್ದು, ಸ್ಕ್ಯಾನರಿನ ಗಾಜು ಪುಸ್ತಕದಷ್ಟು. ತುಂಡು ತುಂಡಾಗಿ ಸ್ಕ್ಯಾನ್ ಮಾಡಿ, ಜೋಡಿಸಿ, ಅದರ ಮೇಲೆ ಪ್ರತಿ ಗೆರೆಯನ್ನೂ ಕೈಯಿಂದಲೇ ವೆಕ್ಟರ್ ಆಗಿ, ಅಂದರೆ ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಗೆರೆಯಾಗಿ, ಬಿಡಿಸಬೇಕು. ತಾನೇ ಗೆರೆ ಎಳೆದುಕೊಳ್ಳುವ ತಂತ್ರಾಂಶಗಳಿವೆ, ಆದರೆ ಅವಕ್ಕೆ ಕೊಳೆಗೂ ಗೆರೆಗೂ ವ್ಯತ್ಯಾಸ ತಿಳಿಯದು. ಇಲ್ಲಿಯೇ ನಿಜವಾದ ಪರೀಕ್ಷೆ. ಆ ಕಾಲದ ಕಲಾವಿದರು ರೂಬಿಲಿತ್ ಎಂಬ ಕೆಂಪು ಫಿಲ್ಮನ್ನು ಚಾಕುವಿನಿಂದ ಕೊರೆದು ಒಂದೊಂದು ಬಣ್ಣಕ್ಕೆ ಒಂದೊಂದು ಪದರ ಸಿದ್ಧಮಾಡುತ್ತಿದ್ದರು. ಚಾಕು ತಿರುಗಿದಲ್ಲಿ ಮೂಲೆ ಕೊಂಚ ದುಂಡಗಾಗುತ್ತದೆ, ಉದ್ದನೆಯ ಬಾಗಿನಲ್ಲಿ ಕೈ ತುಸು ಅಲುಗಿರುತ್ತದೆ. ಆ ಅಲುಗಾಟವನ್ನು ನೇರ ಮಾಡಿದ ಪ್ರತಿಗಳನ್ನು ನಾನು ಒಪ್ಪಲಾರೆ. ಅವು ಕಣ್ಣಿಗೆ ಅಚ್ಚುಕಟ್ಟು, ಆದರೆ ಕೊರೆದ ಕೈ ಅವುಗಳಲ್ಲಿ ಇರುವುದಿಲ್ಲ.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಟ್ಯೂಬ್‌ಲೈಟಿನ ಬೆಳಕಿಗೂ ಬಿಸಿಲಿಗೂ ವರ್ಷಗಟ್ಟಲೆ ಒಡ್ಡಿಕೊಂಡ ಶಾಯಿ ಮೂಲ ಬಣ್ಣ ಹೇಳದು. ಹಾಗಾಗಿ ಅನುಭವಿಗಳು ಹುಡುಕುವುದು ಬೆಳಕು ಕಾಣದ ಜಾಗವನ್ನು: ಕಂಟ್ರೋಲ್ ಪ್ಯಾನಲ್ಲಿನ ಹೊದಿಕೆ ಒಳಕ್ಕೆ ಮಡಚಿಕೊಂಡ ಅಂಚು, ಮಾರ್ಕೀಯನ್ನು ಹಿಡಿದಿಟ್ಟ ಲೋಹದ ಪಟ್ಟಿಯ ಅಡಿ. ಅಲ್ಲಿ ಸಿಕ್ಕ ಬಣ್ಣವನ್ನು ಹಗಲು ಬೆಳಕಿನಂಥ ದೀಪದಡಿ ಪ್ಯಾಂಟೋನ್ ಬಣ್ಣಮಾದರಿ ಪುಸ್ತಕದ ಚೂರುಗಳ ಪಕ್ಕ ಇಟ್ಟು ಹೊಂದಿಸುತ್ತಾರೆ.

ಮುದ್ರಣಕ್ಕೆ ಇಂದು ಎರಡು ದಾರಿ. ಡಿಜಿಟಲ್ ಯಂತ್ರ ನಾಲ್ಕು ಶಾಯಿಗಳ ಸಣ್ಣ ಚುಕ್ಕಿಗಳಿಂದ ಎಲ್ಲ ಬಣ್ಣವನ್ನೂ ಕಟ್ಟುತ್ತದೆ. ಒಂದೇ ಪ್ರತಿ ಬೇಕಿದ್ದರೂ ಸಿಗುತ್ತದೆ. ಇನ್ನೊಂದು ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ ಅಚ್ಚಾಗುವ ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ರಬ್ಬರ್ ಪಟ್ಟಿಯಿಂದ ಶಾಯಿ ಎಳೆಯುವುದು, ಬಣ್ಣಕ್ಕೊಂದು ಚೌಕಟ್ಟು. ಮೂಲ ಚಿತ್ರಗಳು ಹುಟ್ಟಿದ್ದು ಹೆಚ್ಚಾಗಿ ಇದರಲ್ಲೇ. ಕಂಟ್ರೋಲ್ ಪ್ಯಾನಲ್ಲಿಗೆ ಪಾಲಿಕಾರ್ಬೊನೇಟ್ ಹಾಳೆಯ ಹಿಂಬದಿಯಲ್ಲಿ ಮುದ್ರಿಸುತ್ತಾರೆ, ಬೆವರಿನ ಕೈ ಉಜ್ಜುವುದು ಪ್ಲಾಸ್ಟಿಕ್ಕನ್ನೇ ಹೊರತು ಶಾಯಿಯನ್ನಲ್ಲ. ಹಿಂಬದಿಯಾದ್ದರಿಂದ ಕ್ರಮವೂ ತಿರುಗುಮುರುಗು: ಮೊದಲು ಕಪ್ಪು ಗೆರೆ, ಆಮೇಲೆ ಬಣ್ಣಗಳು, ಕೊನೆಗೆ ಬಿಳಿಯ ಆಸರೆ. ವ್ಯತ್ಯಾಸ ಎದ್ದು ಕಾಣುವುದು ಮಾರ್ಕೀಯಲ್ಲಿ. ಹಿಂದಿನ ದೀಪ ಹೊತ್ತಿದಾಗ ತೆಳು ಡಿಜಿಟಲ್ ಶಾಯಿ ಪೇಲವವಾಗುತ್ತದೆ, ಕಪ್ಪು ಕಂದಾಗುತ್ತದೆ. ದಪ್ಪ ಶಾಯಿಯ ಕಪ್ಪು ಬೆಳಕನ್ನು ತಡೆದು ನಿಲ್ಲುತ್ತದೆ. ಲೋಹದ ಹೊಳಪು, ಫ್ಲೋರೊಸೆಂಟ್ ಕಿತ್ತಳೆ ಮುಂತಾದವು ನಾಲ್ಕು ಶಾಯಿಗಳ ಕೈಗೆ ಸಿಗುವಂಥವೇ ಅಲ್ಲ.

ಆದರೆ ಪ್ರತಿ ಬಣ್ಣಕ್ಕೂ ಚೌಕಟ್ಟು ಕಟ್ಟುವ ಖರ್ಚು ಒಂದಕ್ಕಾದರೂ ನೂರಕ್ಕಾದರೂ ಅಷ್ಟೇ. ಆದ್ದರಿಂದ ಸಾಕಷ್ಟು ಜನ ಮುಂಗಡ ಕೊಟ್ಟ ಮೇಲೆಯೇ ಮುದ್ರಣಕ್ಕೆ ಇಳಿಯುತ್ತಾರೆ. ‘ಡಾಂಕಿ ಕಾಂಗ್’ಗೆ ಜನ ಸಿಗುತ್ತಾರೆ, ಕಡಿಮೆ ಸಂಖ್ಯೆಯಲ್ಲಿ ತಯಾರಾಗಿ ಮರೆತುಹೋದ ಆಟಕ್ಕೆ ಸಿಗುವುದಿಲ್ಲ. ಚಿತ್ರಗಳ ಹಕ್ಕು ಕಂಪನಿಗಳದ್ದು, ಮರುಮುದ್ರಿಸುವವರೆಲ್ಲ ಅನುಮತಿ ಪಡೆದವರೂ ಅಲ್ಲ.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ‘ದಿ ಸ್ಟ್ರಾಂಗ್’ ಮ್ಯೂಸಿಯಂ 2014ರಲ್ಲಿ ಅಟಾರಿಯ ನಾಣ್ಯದ ಯಂತ್ರಗಳ ವಿಭಾಗದ ದಾಖಲೆಗಳನ್ನು ಪಡೆದುಕೊಂಡಿತು. ಅಟಾರಿಯ ಲಾಂಛನ ರೂಪಿಸಿದ ಜಾರ್ಜ್ ಆಪರ್‌ಮನ್ ಹೆಸರು ಜನಕ್ಕೆ ಗೊತ್ತು. ಪೆಟ್ಟಿಗೆಗಳಿಗೆ ಚಿತ್ರ ಬಿಡಿಸಿದ ಎಷ್ಟೋ ಜನ ಸಹಿ ಹಾಕಲಿಲ್ಲ. ಮರುಮುದ್ರಣಗಳು ಕಂಪನಿಯ ಹಕ್ಕುಸ್ವಾಮ್ಯದ ಸಾಲನ್ನು ಅಕ್ಷರ ಬಿಡದೆ ನಕಲು ಮಾಡುತ್ತವೆ. ಕಲಾವಿದರು ಯಾರೆಂದು ದಾಖಲೆಗಳಲ್ಲಿ ಸಿಕ್ಕ ಕಡೆಯಲ್ಲಾದರೂ ಹೊಸ ಪ್ರತಿಯ ಒಳಕ್ಕೆ ಮಡಚುವ ಅಂಚಿನಲ್ಲಿ ಅವರ ಹೆಸರನ್ನೂ, ಇದು ಮರುಮುದ್ರಣವೆಂಬ ಮಾತನ್ನೂ, ಇಸವಿಯನ್ನೂ ಅಚ್ಚು ಹಾಕಲು ಜಾಗವಿದೆ.