ಬದನೆ ಹೂವನ್ನು ನಡುಗಿಸುವ ದುಂಬಿ

ಉಡುಪಿಯ ಮಟ್ಟುಗುಳ್ಳ ಬದನೆಯ ಬೀಜ ಸಿಕ್ಕಿದರೆ ತಾರಸಿಯ ಕುಂಡದಲ್ಲೂ ಬೆಳೆಯಬಹುದು. ಮಟ್ಟುವಿನ ಮಣ್ಣಿನ ರುಚಿ ಅದಕ್ಕೆ ಬಂದೀತೇ ಎಂದು ಉಡುಪಿಯವರು ಮೂಗು ಮುರಿದಾರು, ಅದು ಬೇರೆ ಮಾತು. ಗಿಡ ಹುಲುಸಾಗಿ ಬೆಳೆದು ಮೈತುಂಬ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ ಎಂಬುದು ತಾರಸಿ ತೋಟದವರ ಮಾಮೂಲಿ ದೂರು. ಕೂಡಲೇ ಗೊಬ್ಬರದ ಚೀಲಕ್ಕೆ ಕೈ ಹಾಕುತ್ತಾರೆ.

ಅದಕ್ಕೆ ಮೊದಲು ಹೂವನ್ನು ಬಗ್ಗಿಸಿ ನೋಡಿ. ನೇರಳೆ ಎಸಳುಗಳ ನಡುವೆ ಹಳದಿ ಪರಾಗಕೋಶಗಳು ಒತ್ತಾಗಿ ನಿಂತಿರುತ್ತವೆ. ಅವುಗಳ ಮಧ್ಯದಿಂದ ಹಸಿರು ಶಲಾಕೆ ಹೊರಗೆ ಇಣುಕಿದ್ದರೆ ಕಾಯಿ ಆಗುವ ಯೋಗ ಉಂಟು. ಒಳಗೇ ಗಿಡ್ಡಗೆ ಕುಳಿತಿದ್ದರೆ ಅದು ಬಹುಮಟ್ಟಿಗೆ ಉದುರುವ ಹೂವೇ. ಇನ್ನು ಪರಾಗದ ವಿಷಯ. ಹೆಚ್ಚಿನ ಹೂಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿಕೊಳ್ಳುತ್ತದೆ. ಬದನೆಯಲ್ಲಿ ತುದಿಗೆ ಎರಡು ಸಣ್ಣ ತೂತುಗಳಷ್ಟೆ. ಉಪ್ಪು ಉದುರಿಸುವ ಡಬ್ಬಿಯಂತೆ, ಅಲುಗಿಸಿದರೇ ಪರಾಗ ಬೀಳುವುದು.

ತುಡುವೆ ಜೇನಿಗೆ ಈ ವಿದ್ಯೆ ಬಾರದು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳಿರುವ ಅಮೆಗಿಲ್ಲ ಎಂಬ ಒಂಟಿ ಜೇನಿಗೆ, ಒಣಮರ ಕೊರೆಯುವ ದಪ್ಪ ಕರಿದುಂಬಿಗೆ ಬರುತ್ತದೆ. ನೀಲಿಪಟ್ಟೆಯ ಹೆಣ್ಣು ಹೂವಿಗೆ ತಲೆಕೆಳಗಾಗಿ ಜೋತುಬಿದ್ದು ಪರಾಗಕೋಶಗಳನ್ನು ತಬ್ಬಿಕೊಳ್ಳುತ್ತದೆ. ರೆಕ್ಕೆ ಬಡಿಯದೆ, ಹಾರಲು ಬಳಸುವ ಎದೆಯ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ಹಾರುವಾಗಿನ ಗುಂಯ್‌ಗಿಂತ ಈ ದನಿ ಕೀರಲು. ಪಕ್ಕದಲ್ಲಿ ನಿಂತರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಇದರ ಆಸ್ಟ್ರೇಲಿಯಾದ ದಾಯಾದಿ ಟೊಮೆಟೊ ಹೂವಿಗೆ ಸೆಕೆಂಡಿಗೆ ಸುಮಾರು 350 ಬಾರಿ ತಲೆ ಚಚ್ಚುವುದನ್ನು ವಿಜ್ಞಾನಿಗಳು ನಿಧಾನಗತಿಯ ವಿಡಿಯೊದಲ್ಲಿ ಹಿಡಿದಿದ್ದಾರೆ. ಉದುರಿದ ಪರಾಗ ದುಂಬಿಯ ಹೊಟ್ಟೆಗೆ ಮೆತ್ತಿ, ಒಂದಿಷ್ಟು ಶಲಾಕೆಯ ತುದಿಗೂ ತಗಲುತ್ತದೆ.

ಬದನೆ ಹೂವಿನಲ್ಲಿ ಮಕರಂದವಿಲ್ಲ. ನೀಲಿಪಟ್ಟೆಯ ದುಂಬಿ ಬರುವುದು ಪರಾಗಕ್ಕೆ, ಅದೂ ನೆಲದಲ್ಲೋ ಮಣ್ಣಿನ ಗೋಡೆಯಲ್ಲೋ ಕೊರೆದ ಗೂಡಿನ ಮರಿಗಳಿಗಾಗಿ. ತನ್ನ ಹಸಿವಿಗೆ ಅದು ತುಳಸಿಗೋ ತುಂಬೆಗೋ ಹೋಗಬೇಕು. ಆದ್ದರಿಂದ ತುಳಸಿಯ ಕದಿರನ್ನೆಲ್ಲ ಚಿವುಟಬೇಡಿ, ಬೆಳಗಿನ ಹೊತ್ತು ಔಷಧಿ ಸಿಂಪಡಿಸಬೇಡಿ. ಗಂಡುಗಳಿಗೆ ಗೂಡಿನ ಗೊಡವೆಯಿಲ್ಲ. ಸಂಜೆಯಾದರೆ ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಸಾಲಾಗಿ ನಿದ್ದೆಹೋಗುತ್ತವೆ.

ಇಷ್ಟೆಲ್ಲ ಉಪಕಾರಿಯಾದ ದುಂಬಿಯೇ ಬೀಜ ಹಂಚುವಾಗ ತೊಡಕಾಗುತ್ತದೆ. ಗುಳ್ಳದ ಪಕ್ಕದ ಕುಂಡದಲ್ಲಿ ಉದ್ದ ನೇರಳೆ ಬದನೆ ಇದೆ ಅನ್ನಿ. ಅದರ ಪರಾಗ ಗುಳ್ಳಕ್ಕೆ ಬಿದ್ದರೂ ಈ ಸಲದ ಕಾಯಿ ಗುಳ್ಳವೇ. ನೆರೆಮನೆಗೆ ಧೈರ್ಯವಾಗಿ ಕೊಡಬಹುದು. ಬೆರಕೆ ಅಡಗಿರುವುದು ಒಳಗಿನ ಬೀಜದಲ್ಲಿ. ಆ ಬೀಜ ಬಿತ್ತಿದವರಿಗೆ ಮುಂದಿನ ವರ್ಷ ಗುಳ್ಳವೂ ಅಲ್ಲದ, ನೇರಳೆಯೂ ಅಲ್ಲದ ಕಾಯಿ ಸಿಕ್ಕೀತು.

ಬೀಜಕ್ಕೆಂದು ಒಂದೆರಡು ಮೊಗ್ಗುಗಳನ್ನು ಅರಳುವ ಮೊದಲೇ ತೆಳುಬಟ್ಟೆಯ ಚೀಲದಲ್ಲಿ ಕಟ್ಟಿಡಿ. ದುಂಬಿಯನ್ನು ಹೊರಗಿಟ್ಟ ಮೇಲೆ ಅದರ ಕೆಲಸ ನಿಮ್ಮದು: ಹೂ ಅರಳಿದ ಬೆಳಗ್ಗೆ ಬ್ಯಾಟರಿಯ ಟೂತ್‌ಬ್ರಷ್ಷನ್ನು ತೊಟ್ಟಿಗೆ ತಾಗಿಸಿ ನಡುಗಿಸಬೇಕು. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಗುರುತಿಗೆ ಬಣ್ಣದ ದಾರ ಕಟ್ಟಿ, ಪೂರ್ತಿ ಹಳದಿಗೆ ತಿರುಗುವವರೆಗೂ ಗಿಡದಲ್ಲೇ ಬಿಡಿ. ಅಷ್ಟರಲ್ಲಿ ಯಾರಾದರೂ ಹುಳಿಗೆಂದು ಕೇಳಿದರೆ ಬೇರೆ ಕಾಯಿ ಕೊಯ್ದು ಕೊಡಿ.